ಸದಸ್ಯರಿಲ್ಲದ ಬಳಗ

ನನಗೊಂದು ಚಟವಿದೆ. ಕುಡಿತವಲ್ಲ, ಇಸ್ಪೀಟಲ್ಲ, ಪಟ್ಟಿ ಮಾಡುವುದು. ಸಂತೆಗೆ ಹೋಗುವ ಮುನ್ನ ಪಟ್ಟಿ ಬರೆಯುತ್ತೇನೆ, ಅದನ್ನು ಮನೆಯಲ್ಲೇ ಮರೆತು ಹೋಗುತ್ತೇನೆ, ಬಂದ ಮೇಲೆ ತಂದದ್ದನ್ನೆಲ್ಲ ನೋಡಿ ಇನ್ನೊಂದು ಪಟ್ಟಿ ಬರೆದು ನೆಮ್ಮದಿಯಿಂದ ಕೂರುತ್ತೇನೆ. ಕೆಲಸವನ್ನು ಕಾಗದದ ಮೇಲೆ ಬರೆದು ಪಕ್ಕದಲ್ಲಿ ಒಬ್ಬರ ಹೆಸರು ಹಾಕಿಬಿಟ್ಟರೆ ಅರ್ಧ ಕೆಲಸ ಮುಗಿದಂತೆ ಎಂದು ನಾನು ಬಹುಕಾಲ ನಂಬಿದ್ದೆ. ಉಳಿದರ್ಧ ಯಾರು ಮಾಡುತ್ತಾರೆ ಎಂದು ಕೇಳಬೇಡಿ. ಅದನ್ನೇ ಹೇಳಲು ಹೊರಟಿದ್ದೇನೆ.

ತುಮಕೂರು ಕಡೆಯವನಾದ ನಾನು ಕೆಲವು ವರ್ಷಗಳ ಹಿಂದೆ ಸಂಶೋಧನೆಗೆಂದು ಕೊಯಮತ್ತೂರಿನ ವಿಶ್ವವಿದ್ಯಾಲಯವೊಂದನ್ನು ಸೇರಿದೆ. ವಿಷಯ ಜೇನುಹುಳು. ಆರ್.ಎಸ್. ಪುರಂನಲ್ಲಿ ಒಂದು ಕೋಣೆ ಹಿಡಿದು, ಬೀದಿಯಲ್ಲಿ ಹರುಕುಮುರುಕು ತಮಿಳು ಆಡಿಕೊಂಡು, ಕನ್ನಡವನ್ನು ಫೋನಿನಲ್ಲಿ ಅಮ್ಮನಿಗೆಂದು ಮೀಸಲಿಟ್ಟಿದ್ದೆ. ಹಾಗಿರುವಾಗ ಒಂದು ಮಧ್ಯಾಹ್ನ ಕ್ಯಾಂಟೀನಿನಲ್ಲಿ ನನ್ನ ಹಿಂದಿನ ಮೇಜಿನಿಂದ ಒಬ್ಬ ಹುಡುಗಿ ಫೋನಿನಲ್ಲಿ, "ಅವ್ವಾ, ಉಂಡ್ಯಾ? ಮಾತ್ರೆ ಸಾಪ್ಟ್ಯಾ?" ಎನ್ನುವುದು ಕೇಳಿಸಿತು. ಊಟ ಕನ್ನಡದಲ್ಲಿ, ಮಾತ್ರೆ ನುಂಗುವುದು ತಮಿಳಿನಲ್ಲಿ! ತಿರುಗಿ ನೋಡಿದೆ. ಅವಳೇ ರೇವತಿ. ಜವಳಿ ವಿಭಾಗದ ವಿದ್ಯಾರ್ಥಿನಿ, ಪಕ್ಕದ ಊರಿನ ನೇಕಾರರ ಮಗಳು. ಎಷ್ಟು ತಲೆಮಾರಿನಿಂದ ಇಲ್ಲಿದ್ದೀರಿ ಎಂದು ಕೇಳಿದರೆ, "ಎಣಿಸ್ಲಿಲ್ಲಣ್ಣಾ" ಎಂದಳು. ಮನೆಯಲ್ಲಿ ಕನ್ನಡ, ಹೊಸಿಲು ದಾಟಿದರೆ ತಮಿಳು. ಕನ್ನಡ ಅಕ್ಷರ ಮಾತ್ರ ಮನೆಯಲ್ಲಿ ಒಬ್ಬರಿಗೂ ಬಾರದು.

ಹುಡುಕಿದರೆ ರೇವತಿಯೂ ಸೇರಿ ಅಂಥವರು ಹತ್ತು ಮಂದಿ ಸಿಕ್ಕರು. ಅವರಲ್ಲಿ ಉಡುಮಲೈಪೇಟೆಯ ತೆಂಗಿನ ತೋಟದವರ ಮಗ ಕಾರ್ತಿಕೇಯನ್ ಎಂಬುವವನೂ ಇದ್ದ. ನನ್ನನ್ನೂ ಸೇರಿಸಿ ಹನ್ನೊಂದು. ಒಂದು ಕನ್ನಡ ಬಳಗ ಕಟ್ಟೋಣ ಎಂದಾಯಿತು. ಕನ್ನಡ ಓದುಬರಹ ಬಲ್ಲವನು ನಾನೊಬ್ಬನೇ ಆದ್ದರಿಂದ ಅಧ್ಯಕ್ಷನೂ ನಾನೇ. ಅಲ್ಪನಿಗೆ ಐಶ್ವರ್ಯ ಬಂದರೆ ಏನು ಮಾಡುತ್ತಾನೆಂದು ನಿಮಗೆ ಗೊತ್ತೇ ಇದೆ. ನಾನು ಕೊಡೆ ಹಿಡಿಯಲಿಲ್ಲ, ಪಟ್ಟಿ ಹಿಡಿದೆ. ಉಪಾಧ್ಯಕ್ಷ, ಕಾರ್ಯದರ್ಶಿ, ಜಂಟಿ ಕಾರ್ಯದರ್ಶಿ, ಖಜಾಂಚಿ. ಪ್ರಚಾರಕ್ಕೊಬ್ಬರು, ಅಲಂಕಾರಕ್ಕೊಬ್ಬರು, ಆತಿಥ್ಯಕ್ಕೊಬ್ಬರು, ಸಂಗೀತಕ್ಕೊಬ್ಬರು, ಶಿಸ್ತಿಗೊಬ್ಬರು. ಒಂದು ಚೆಂಡೂ ಇಲ್ಲದ ಬಳಗಕ್ಕೆ ಒಬ್ಬ ಕ್ರೀಡಾ ಕಾರ್ಯದರ್ಶಿ. ಪ್ರತಿಯೊಬ್ಬರ ಮುಂದೆ ಅವರ ಕೆಲಸವನ್ನು ಬರೆದೆ. ನನ್ನ ಹೆಸರಿನ ಮುಂದೆ ಒಂದೇ ಪದ: 'ಮೇಲ್ವಿಚಾರಣೆ'. ಎಲ್ಲರೂ ಪಲ್ಲಕ್ಕಿ ಹತ್ತಿದರೆ ಹೊರುವವರು ಯಾರು ಎಂಬ ಗಾದೆ ಆಗ ಏಕೋ ನೆನಪಿಗೆ ಬರಲಿಲ್ಲ. ಗಾದೆಗಳ ಸ್ವಭಾವವೇ ಹಾಗೆ, ಎಡವಿದ ಮೇಲೆ ಕೈ ಹಿಡಿಯಲು ಬರುತ್ತವೆ.

ನೋಂದಣಿಗೆಂದು ವಿದ್ಯಾರ್ಥಿ ಕಲ್ಯಾಣ ಅಧಿಕಾರಿಯ ಬಳಿ ಹೋದೆವು. ಅವರು ಅರ್ಜಿಯನ್ನು ಮೇಲಿನಿಂದ ಕೆಳಗೆ ಓದಿ, ಕನ್ನಡಕ ಏರಿಸಿಕೊಂಡು, "ಇವಂಗ ಎಲ್ಲಾಂ ಪದಾಧಿಕಾರಿಗಳು ಸರಿ. ಮೆಂಬರ್ಸ್ ಎಂಗೇ, ತಂಬಿ?" ಎಂದರು. ಇವರೆಲ್ಲ ಪದಾಧಿಕಾರಿಗಳಾದರು, ಸದಸ್ಯರೆಲ್ಲಿ ತಮ್ಮಾ ಎಂದು. ಸದಸ್ಯರ ಸಂಖ್ಯೆ ಎಂಬ ಕಲಮು ಖಾಲಿ ಇತ್ತು. ನಮ್ಮಲ್ಲಿ ಬರಿಯ ಸದಸ್ಯ ಎನ್ನುವ ಪ್ರಾಣಿಯೇ ಇರಲಿಲ್ಲ. ಅವರು ನಕ್ಕು, ಅದನ್ನು ಆಮೇಲೆ ತುಂಬಿ ಎಂದು ಬಿಟ್ಟುಕೊಟ್ಟರು. ಬಿಟ್ಟುಕೊಡದೆ ಇದ್ದದ್ದು ಒಂದು ನಿಯಮವನ್ನು: ಈ ಅವಧಿ ಮುಗಿಯುವುದರೊಳಗೆ ಒಂದು ಸಾರ್ವಜನಿಕ ಕಾರ್ಯಕ್ರಮ ಮಾಡಬೇಕು, ಬ್ಯಾನರಿನ ಮುಂದೆ ತೆಗೆದ ಫೋಟೋ ವರದಿಯ ಜೊತೆ ಇರಬೇಕು. ಇಲ್ಲವಾದರೆ ನೋಂದಣಿ ರದ್ದು.

ಕಾರ್ಯಕ್ರಮಕ್ಕೆ 'ನಮ್ಮ ಮನೆ ಮಾತು' ಎಂದು ಹೆಸರಿಟ್ಟೆವು. ಮನೆಯ ಹಿರಿಯರನ್ನು ಕರೆಸಿ, ಅವರ ಬಾಯಲ್ಲಿರುವ ಒಗಟು, ಜೋಗುಳ, ಬೈಗುಳ ಎಲ್ಲವನ್ನೂ ವೇದಿಕೆಯಲ್ಲಿ ಹೇಳಿಸುವುದು. ಅಂದಿನಿಂದ ರೇವತಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅವಳ ಅವ್ವ, ಅಂದರೆ ಅಜ್ಜಿ, ಎಂಬತ್ತು ದಾಟಿದವರು, ತಮ್ಮ ಮಾತನ್ನು ಅಕ್ಷರದಲ್ಲಿ ಒಮ್ಮೆಯೂ ಕಂಡವರಲ್ಲವಂತೆ. "ಅವ್ವ ಕೇಳ್ತಾವ್ರೆ ಅಣ್ಣಾ, ನಮ್ ಪೇಚ್ಚಿಗೆ ಎಳುತ್ತು ಐತಾ ಅಂತ," ಎಂದು ರೇವತಿ ನನಗೆ ಹೇಳಿದಳು. ನಮ್ಮ ಮಾತಿಗೆ ಬರವಣಿಗೆ ಇದೆಯೇ ಎಂದು! ನಗಬೇಕೆಂದುಕೊಂಡೆ, ನಗು ಬರಲಿಲ್ಲ. ದೊಡ್ಡ ಬ್ಯಾನರಿನಲ್ಲಿ ಬರೆಸಿ ತೋರಿಸೋಣ ಎಂದು ಮಾತು ಕೊಟ್ಟೆ. ಅಧ್ಯಕ್ಷನ ಮಾತು!

ಅಷ್ಟದಿಕ್ಪಾಲಕರ ವಿಷಯ ನೀವು ಕೇಳಿರುತ್ತೀರಿ. ಒಂದೊಂದು ದಿಕ್ಕಿಗೆ ಒಬ್ಬೊಬ್ಬರು, ಒಬ್ಬೊಬ್ಬರಿಗೆ ಒಂದೊಂದು ವಾಹನ. ಅಚ್ಚುಕಟ್ಟಾದ ವ್ಯವಸ್ಥೆ. ಆದರೆ ಪೂರ್ವಕ್ಕೂ ಆಗ್ನೇಯಕ್ಕೂ ನಡುವೆ ಎಲ್ಲೋ ಒಂದು ಹಸು ಕಳೆದುಹೋದರೆ ಹುಡುಕುವವರು ಯಾರು? ಇಂದ್ರ ಅಗ್ನಿಯ ಕಡೆ ಕೈ ತೋರಿಸುತ್ತಾನೆ, ಅಗ್ನಿ ಇಂದ್ರನ ಕಡೆ. ಹಸು ಎರಡೂ ದಿಕ್ಕಿನ ನಡುವೆ ಹಾಯಾಗಿ ಮೇಯುತ್ತಿರುತ್ತದೆ. ನಮ್ಮ ಬ್ಯಾನರಿನ ಕಥೆಯೂ ಅದೇ.

ಕಾರ್ಯಕ್ರಮದ ಶನಿವಾರ ಬೆಳಿಗ್ಗೆ ಎಂಟೂವರೆಗೆ ಸಭಾಂಗಣಕ್ಕೆ ಹೋದೆ. ಕುರ್ಚಿಗಳು ಸಾಲಾಗಿದ್ದವು. ಹೂವು ಬಂದಿತ್ತು. ಆತಿಥ್ಯದ ಕಾರ್ತಿಕೇಯನ್ ಊರಿನಿಂದ ನೂರು ಎಳನೀರು ಇಳಿಸಿ ಮೀಸೆ ತಿರುವುತ್ತಿದ್ದ. ಕೊಚ್ಚುವ ಮಚ್ಚು ಮಾತ್ರ ಪಟ್ಟಿಯಲ್ಲಿ ಇರಲಿಲ್ಲವಾದ್ದರಿಂದ ತಂದಿರಲಿಲ್ಲ. ವೇದಿಕೆಯ ಹಿಂದಿನ ಗೋಡೆ ಬೋಳಾಗಿತ್ತು. ಬ್ಯಾನರ್ ಎಲ್ಲಿ ಎಂದೆ.

ಪ್ರಚಾರದವನು ಅಲಂಕಾರದವಳನ್ನು ನೋಡಿದ. ಅಲಂಕಾರದವಳು, "ಕಟ್ಟೋದು ನಂದು, ಅಚ್ಚು ಅಡಿಸೋದು ಅವಂದು" ಎಂದಳು. ಅವನು, "ಊರಿಗೆ ಹೇಳೋದು ನಂದು. ಹಾಲ್ ಒಳಗೆ ಇರೋದು ನನ್ ವೇಲೆ ಇಲ್ಲ," ಎಂದ. ವೇಲೆ ಎಂದರೆ ಕೆಲಸ. ಜಂಟಿ ಕಾರ್ಯದರ್ಶಿ ತಾನು ಕಾರ್ಯದರ್ಶಿಯೊಂದಿಗೆ ಮಾತ್ರ ಜಂಟಿ ಎಂದ. ಕಾರ್ಯದರ್ಶಿಯಾದ ರೇವತಿ ನಡಾವಳಿ ಪುಸ್ತಕ ತೆರೆದಳು. ಅವಳು ನಮ್ಮ ಸಭೆಯ ಕನ್ನಡ ಮಾತನ್ನೆಲ್ಲ ತಮಿಳು ಅಕ್ಷರದಲ್ಲಿ ಬರೆದಿಡುತ್ತಿದ್ದಳು, ಓದಿ ಹೇಳುತ್ತಿದ್ದವಳೂ ಅವಳೇ. ಪುಟ ಪುಟ ತಿರುವಿದಳು. ಬ್ಯಾನರಿನ ಉದ್ದ, ಅಗಲ, ಬಣ್ಣ, ಅದರ ಅಂದಚೆಂದದ ಬಗ್ಗೆ ಅಧ್ಯಕ್ಷರು ಆಡಿದ ಒಂದೂವರೆ ಪುಟದ ಮಾತು, ಎಲ್ಲ ಇತ್ತು. ಮಾಡಿಸುವವರ ಹೆಸರು ಇರಲಿಲ್ಲ.

ಕನ್ನಡ ಅಕ್ಷರ ಬರುವವನು ಇಡೀ ಬಳಗದಲ್ಲಿ ನಾನೊಬ್ಬನೇ ಎಂಬುದನ್ನು ದಯವಿಟ್ಟು ಗಮನಿಸಿ. ಆ ಬ್ಯಾನರನ್ನು ಮಾಡಿಸಲು ಸಾಧ್ಯವಿದ್ದವನೂ ನಾನೊಬ್ಬನೇ. ನಾನು ಏನು ಮಾಡುತ್ತಿದ್ದೆ? ಮೇಲ್ವಿಚಾರಣೆ. ಅಷ್ಟಾದರೂ ಸಾಲದೆ, "ಒಂದು ಕೆಲಸವನ್ನೂ ಸರಿಯಾಗಿ ಹಂಚಿಕೊಳ್ಳಲು ಬರುವುದಿಲ್ಲವಲ್ಲ ನಿಮಗೆ!" ಎಂದು ಅವರ ಮೇಲೆಯೇ ರೇಗಿದೆ. ಕುಣಿಯಲಾರದವನಿಗೆ ನೆಲ ಡೊಂಕಾಗಿ ಕಂಡಿತು. ಬ್ಯಾನರಿನ ಅಂಗಡಿಗೆ ಫೋನು ಮಾಡಿದರೆ, ಹತ್ತಕ್ಕೆ ತೆರೆಯುತ್ತೇವೆ, ಮಧ್ಯಾಹ್ನಕ್ಕೆ ಕೊಡುತ್ತೇವೆ ಎಂದರು. ಹತ್ತಕ್ಕೆ ಅಧಿಕಾರಿ ಬರುವವರು. ರೇವತಿ ಮೂಲೆಯ ಕುರ್ಚಿಯಲ್ಲಿ ಕುಳಿತು ಪುಸ್ತಕ ಮುಚ್ಚಿದಳು. ಅವಳ ಕಣ್ಣಲ್ಲಿ ನೀರು ಕಂಡು ನನಗೆ ನಿಜವಾಗಿ ನಾಚಿಕೆಯಾಯಿತು.

ಆಗಲೇ ಬಾಗಿಲಲ್ಲಿ ವ್ಯಾನು ನಿಂತಿತು. ರೇವತಿಯ ಬೀದಿಗೆ ಬೀದಿಯೇ ಇಳಿಯಿತು, ಎಲ್ಲರಿಗಿಂತ ಮುಂದೆ ಅವ್ವ. ಗಿಡ್ಡ ಜೀವ, ಮೂಗಿನ ಎರಡೂ ಕಡೆ ಮೂಗುತಿ, ಕಂಕುಳಲ್ಲಿ ಒಂದು ಚೀಲ. ಒಳಗೆ ಪದಾಧಿಕಾರಿಗಳು ಒಬ್ಬರಿಗೊಬ್ಬರು ಬೆರಳು ತೋರಿಸುತ್ತಿರುವುದನ್ನು ನೋಡಿ, ಏನು ಗಲಾಟೆ ಎಂದು ಮೊಮ್ಮಗಳನ್ನು ಕೇಳಿದರು. ಅವಳು ಬಿಕ್ಕುತ್ತಾ ಹೇಳಿದಳು. ಅವ್ವ ನನ್ನ ಕಡೆ ತಿರುಗಿದರು.

"ತಂಬಿ, ಬೀದೀಲಿ ಪಾವು ಹಾಸೋದ್ ಕಂಡಿದ್ಯಾ ನೀನು?"

ಇಲ್ಲ ಎಂದೆ. ಪಾವು ಎಂದರೆ ಮಗ್ಗಕ್ಕೆ ಏರಿಸುವ ಮುಂಚಿನ ಹಾಸುನೂಲು. ಬೆಳಗಿನ ತಂಪಿನಲ್ಲಿ ಅದನ್ನು ಬೀದಿಯ ಉದ್ದಕ್ಕೂ ಎಳೆದು ಕಟ್ಟಿ, ಗಂಜಿ ಸವರಿ, ಬಿಸಿಲೇರುವುದರೊಳಗೆ ಒಣಗಿಸಬೇಕು. ಪಾವು ಒಂದು ಮನೆಯದು, ಆದರೆ ಕೈ ಇಡೀ ಬೀದಿಯದು.

"ಸಾವ್ರ ಎಳೆ ಇರ್ತೈತೆ. ಒಂದ್ ಎಳೆ ಹರೀತು ಅಂದ್ರೆ, ಯಾರ್ ವೇಲೆ ಅಂತ ಕೇಳ್ಕೊಂಡ್ ನಿಂತ್ರೆ ಆತದಾ, ಸಾಮಿ? ಗಂಜಿ ಒಣಗಿ ಬುಡ್ತೈತೆ. ಯಾರ್ ಕೈ ಪಕ್ಕ ಐತೋ ಅವ್ರು ಗಂಟಾಕ್ಬೇಕು. ಅಷ್ಟೇ."

ಹೀಗೆಂದು ಚೀಲಕ್ಕೆ ಕೈ ಹಾಕಿ ಅಚ್ಚ ಬಿಳಿಯ ಎಂಟು ಮೊಳದ ವೇಷ್ಟಿಯನ್ನು, ಅಂದರೆ ಪಂಚೆಯನ್ನು, ತೆಗೆದರು. ಮನೆಯ ಮಗ್ಗದಲ್ಲೇ ನೇಯ್ದದ್ದು. ಯಾರಿಗೆಂದು ತಂದಿದ್ದರು ಗೊತ್ತೆ? ಅಧ್ಯಕ್ಷರಿಗೆ ಹೊದಿಸಿ ಮರ್ಯಾದೆ ಮಾಡಲು. ನನ್ನ ಮರ್ಯಾದೆ ನನ್ನ ಕಣ್ಣೆದುರೇ ಬಿಚ್ಚಿಕೊಂಡು ನೆಲದ ಮೇಲೆ ಹರಡಿತು. "ಎಳುತ್ತು ನಿಂಗ್ ಗೊತ್ತಲ್ಲಾ? ಬರಿ," ಎಂದರು.

ಮೇಲ್ವಿಚಾರಣೆಯಿಂದ ಮೊಣಕಾಲಿಗೆ ಇಳಿದೆ. ಸೀಮೆಸುಣ್ಣದಲ್ಲಿ ಆರು ದೊಡ್ಡ ಅಕ್ಷರ ಗೀಚಿದೆ. ಬಣ್ಣ ಎಲ್ಲಿ ಎನ್ನುವಷ್ಟರಲ್ಲಿ, ಅಷ್ಟು ದಿನ ಕೆಲಸವಿಲ್ಲದೆ ಕುಗ್ಗಿದ್ದ ಕ್ರೀಡಾ ಕಾರ್ಯದರ್ಶಿ ಕುದುರೆಯಂತೆ ಓಡಿ, ಆಟದ ಅಂಕಣಕ್ಕೆ ಗೆರೆ ಎಳೆಯುವ ಕೆಂಪು ಬಣ್ಣದ ಡಬ್ಬವನ್ನೂ ಕುಂಚಗಳನ್ನೂ ಕೇಳಿ ತಂದ. ವ್ಯಾನಿನಿಂದ ಇಳಿದ ಗಂಡಸರು, ಹೆಂಗಸರು ವೇಷ್ಟಿಯ ನಾಲ್ಕೂ ಅಂಚು ಹಿಡಿದು ಪಾವಿನಂತೆ ಬಿಗಿಯಾಗಿ ಎಳೆದು ನಿಂತರು. ಪದಾಧಿಕಾರಿಗಳೆಲ್ಲ ಕುಂಚ ಹಿಡಿದರು. ಕುಂಚ ಸಾಲದಾದಾಗ ಬಟ್ಟೆಯ ಚೂರು, ಅದೂ ಸಾಲದಾದಾಗ ಬೆರಳು. ಓದಲು ಬಾರದ ಅಕ್ಷರಗಳನ್ನು ಅಷ್ಟು ಪ್ರೀತಿಯಿಂದ ತುಂಬಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಕಾರ್ತಿಕೇಯನ್ ಎದುರು ಬದಿಯಲ್ಲಿ ಕುಳಿತಿದ್ದ. ನಿನಗೆ ತಲೆಕೆಳಗಾಗಿ ಕಾಣುತ್ತದೆ, ಈ ಕಡೆ ಬಾ ಎಂದೆ. "ಪರವಾಯಿಲ್ಲಣ್ಣಾ, ನೇರವಾಗಿದ್ರೂ ನಂಗೆ ಹಿಂಗೇ ಕಾಣೋದು," ಎಂದ. ಇಡೀ ಸಭಾಂಗಣ ನಕ್ಕಿತು. ಶಿಸ್ತಿನ ಉಸ್ತುವಾರಿ ಹೊತ್ತವಳಂತೂ ಬಿದ್ದು ಬಿದ್ದು ನಕ್ಕಳು.

ಕೊನೆಯ 'ತು' ಉಳಿದಿತ್ತು. ಅವ್ವ ತಮ್ಮ ಬೆರಳನ್ನು ಬಣ್ಣದಲ್ಲಿ ಅದ್ದಿ, ಗಂಜಿ ಸವರುವ ನಿಧಾನದಲ್ಲಿ ಅದನ್ನು ತುಂಬಿದರು. ಆಮೇಲೆ ಎದ್ದು ಸೊಂಟ ಹಿಡಿದುಕೊಂಡು, ಏನು ಬರೆದಿದೆ ಓದು ಎಂದರು. 'ನಮ್ಮ ಮನೆ ಮಾತು' ಎಂದು ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಓದಿದೆ. ಬಹಳ ಹೊತ್ತು ನೋಡಿದರು. "ಐತೆ ಕಣಮ್ಮಿ," ಎಂದರು ರೇವತಿಗೆ, "ನಮ್ ಪೇಚ್ಚಿಗೂ ಎಳುತ್ತು ಐತೆ." ಅಷ್ಟು ಹೇಳಿ ಕೆಂಪು ಬೆರಳಿನಲ್ಲೇ ಮೊಮ್ಮಗಳ ಕೆನ್ನೆ ಹಿಡಿದರು. ಗುರುತು ಫೋಟೋದಲ್ಲೂ ಚೆನ್ನಾಗಿ ಬಂದಿದೆ.

ಹತ್ತಕ್ಕೆ ಅಧಿಕಾರಿ ಬಂದಾಗ ವೇಷ್ಟಿ ಗೋಡೆ ಏರಿತ್ತು, ಬಣ್ಣ ಇನ್ನೂ ಒಣಗಿರಲಿಲ್ಲ. ಅವರು ಫೋಟೋಗೆಂದು ಅದರಡಿ ನಿಂತಾಗ 'ಮ್ಮ'ದಿಂದ ಒಂದು ಹನಿ ಇಳಿದು ಬಂದು ಅವರ ಅಂಗಿಯ ಮೇಲೆ ಕುಳಿತಿತು. ನೋಂದಣಿಗೇ ಕುತ್ತು ಬಂತೆಂದುಕೊಂಡೆ. ಅಷ್ಟರಲ್ಲಿ ಯಾರೋ ಕ್ಯಾಂಟೀನಿನಿಂದ ಮಚ್ಚು ತಂದು, ಯಾರೋ ಎಳನೀರು ಕೊಚ್ಚಿ, ಇನ್ಯಾರೋ ಅವರ ಕೈಗಿಟ್ಟಿದ್ದರು. ಯಾರೆಂದು ನನಗೆ ಇಂದಿಗೂ ತಿಳಿಯದು. ಅವರು ಕುಡಿದು, ಕೂತು, ಅವ್ವನ ಒಗಟುಗಳಿಗೆ ಭಾಷೆ ಅರ್ಧ ತಿಳಿಯದೆಯೂ ಪೂರ್ತಿ ನಕ್ಕು, ಸಹಿ ಹಾಕಿ ಹೋದರು.

ಜೇನುಗೂಡಿನಲ್ಲಿ ರಾಣಿ ಯಾರಿಗೂ ಅಪ್ಪಣೆ ಕೊಡುವುದಿಲ್ಲ. ಗೂಡು ಕಾದರೆ ಬಳಿಯಿದ್ದ ಹುಳುಗಳು ರೆಕ್ಕೆ ಬೀಸುತ್ತವೆ. ಇದನ್ನು ನಾನು ಮೂರು ವರ್ಷ ದಾಖಲಿಸಿದವನು, ವಿಚಾರಗೋಷ್ಠಿಗಳಲ್ಲಿ ಭಾಷಣ ಮಾಡಿದವನು. ಆದರೆ ಓದಿದ್ದು ತಲೆಯಿಂದ ಕೈಗೆ ಇಳಿಯಬೇಕಾದರೆ ಒಬ್ಬ ಅವ್ವ ಬೇಕಾಯಿತು. ಆಳು ಮಾಡಿದ್ದು ಹಾಳು, ಮಗ ಮಾಡಿದ್ದು ಮಧ್ಯಮ, ತಾನು ಮಾಡಿದ್ದು ಉತ್ತಮ ಎನ್ನುತ್ತಾರೆ ನಮ್ಮ ಕಡೆ. ಪದಾಧಿಕಾರಿ ಮಾಡಿದ್ದರ ಬಗ್ಗೆ ಗಾದೆಯಿಲ್ಲ. ಬಹುಶಃ ಅವನು ಏನೂ ಮಾಡಿರಲಿಲ್ಲ. ಹುದ್ದೆಗಳನ್ನು ನಾನು ಹಳಿಯುವುದಿಲ್ಲ. ಎಳೆಗೊಂದು ಜಾಗ ಬೇಕೇ ಬೇಕು. ಆದರೆ ಎಳೆ ಹರಿಯುವುದು ಎರಡು ಹುದ್ದೆಗಳ ನಡುವೆ, ಅಲ್ಲಿ ಇರಬೇಕಾದದ್ದು ಬರಿಯ ಒಂದು ಕೈ.

ಮರುವಾರದ ಸಭೆಯಲ್ಲಿ ರೇವತಿ ಒಂದು ಠರಾವು ಮಂಡಿಸಿದಳು, ಹನ್ನೊಂದು ಕೈಯೂ ಒಟ್ಟಿಗೆ ಎದ್ದವು. ಅರ್ಜಿಯಲ್ಲಿ ಖಾಲಿ ಉಳಿದಿದ್ದ ಆ ಕಲಮಿಗೆ ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಅವಳು ಬರೆದಳು. ಈ ಬಾರಿ ತಮಿಳಿನಲ್ಲಲ್ಲ, ನನ್ನಿಂದ ಕಲಿತ ವಕ್ರ ವಕ್ರ ಕನ್ನಡ ಅಕ್ಷರದಲ್ಲಿ: 'ಸದಸ್ಯರು: ಅವ್ವ.'

ಎರಡನೆಯ ಸದಸ್ಯನಾಗಬೇಕೆಂದು ಅಧ್ಯಕ್ಷಗಿರಿ ಬಿಟ್ಟು ನಾನೂ ಅರ್ಜಿ ಹಾಕಿಕೊಂಡೆ. ರೇವತಿ ಅದನ್ನು ಅವ್ವನಿಗೆ ಓದಿ ಹೇಳಿದಳಂತೆ. ಒಂದು ಬೆಳಿಗ್ಗೆ ಬೀದಿಗೆ ಬಂದು ಪಾವು ಹಿಡಿಯಲಿ, ಕೈ ನೋಡಿ ಹೇಳುತ್ತೇನೆ ಎಂದರಂತೆ.