ಸೋಮವಾರದ ಮೌನ

ಆ ವ್ರತ ಸುಳ್ಳು, ನೀಲಾ. ಶಿವನ ಹೆಸರು ಹೇಳಿ ನಾನು ದಣಿವಾರಿಸಿಕೊಳ್ಳುತ್ತಿದ್ದೆ — ಇಷ್ಟು ವರ್ಷ ನಿನಗೂ ಹೇಳಲಿಲ್ಲ.

ನಿನ್ನ ಅಣ್ಣನ ಕೈಹಿಡಿದು ಭಾಲ್ಕಿಯ ಮನೆಗೆ ಬಂದಾಗ ಬಂದುಹೋಗುವವರಿಗೆ ಲೆಕ್ಕವೇ ಇರಲಿಲ್ಲ. ಜನ ಒಳ್ಳೆಯವರೇ. ಆದರೆ ಸಂಜೆಯಾಗುವಷ್ಟರಲ್ಲಿ ನನ್ನ ಮಾತೆಲ್ಲ ಬತ್ತಿ ತಲೆ ಸಿಡಿಯುತ್ತಿತ್ತು. ಹಾಗೆಂದು ಹೇಳಿಕೊಂಡರೆ ಸೊಕ್ಕು ಎನ್ನುತ್ತಿದ್ದರು. ಅದಕ್ಕೇ ಅತ್ತೆಗೆ ಹೇಳಿಬಿಟ್ಟೆ — ಸೋಮವಾರ ನನಗೆ ಮೌನವ್ರತ. ಅವರು ಹಿಗ್ಗಿ ಓಣಿಗೆಲ್ಲ ಸಾರಿದರು: "ನಮ್ಮ ಸೊಸಿ ಸೋಮವಾರ ತುಟಿ ಬಿಚ್ಚಂಗಿಲ್ರಿ, ಭಾಳ ಭಕ್ತಿ!"

ನಗಬೇಡ. ಆ ಉಪಾಯದ ಬಗ್ಗೆ ನನಗೆ ಈಗಲೂ ಹೆಮ್ಮೆಯೇ. ಬೀದರಿನಲ್ಲಿ ರವಿವಾರ ಮದುವೆಯಿದ್ದರೆ ಹಿಂದಿನ ದಿನ ಯಾರ ಮನೆಗೂ ಹೋಗುತ್ತಿರಲಿಲ್ಲ. ಮದುವೆಯಲ್ಲಿ ನಾನಾಗಿಯೇ ಬಡಿಸಲು ನಿಲ್ಲುತ್ತಿದ್ದೆ — ಕೈಗೆ ಕೆಲಸವಿದ್ದರೆ ಬಾಯಿಗೆ ಬಿಡುವು. ಮರುದಿನ ಹೇಗೂ ಸೋಮವಾರ! ಮಂಗಳವಾರ ಎಷ್ಟು ಜನ ಬರಲಿ, ನಕ್ಕು ಮಾತಾಡಿಸುತ್ತಿದ್ದೆ. ಅಂಥ ಗದ್ದಲದ ಮನೆಯಲ್ಲಿ ಯಾರ ಮನಸ್ಸೂ ಮುರಿಯದೆ ಬಾಳಿದೆನಲ್ಲ, ಸಣ್ಣ ಮಾತೇನು?

ನಿನ್ನದೊಂದನ್ನು ಬಿಟ್ಟು.

ನೀನು ಔರಾದಿನಿಂದ ಬಸ್ಸು ಹತ್ತಿ ಬಂದದ್ದು ಸೋಮವಾರವೇ. ಬೀದರಿನ ಶಾಲೆಯೊಂದರಲ್ಲಿ ಟೀಚರ್ ಕೆಲಸ ಸಿಕ್ಕಿತ್ತು. ಗಂಡನ ಮನೆಯವರು ಬೇಡವೆಂದಿದ್ದರು. ಮರುದಿನವೇ ಹಾಜರಾಗಬೇಕಿತ್ತು. ಅಡುಗೆಮನೆಯಲ್ಲಿ ನೀನು ನನ್ನ ಕೈ ಹಿಡಿದುಕೊಂಡೆ.

"ವೈನಿ, ನೀವು ಹೂಂ ಅಂದ್ರ ಸಾಕ್ರಿ, ಯಾರು ಏನ ಅಂದ್ರೂ ಹೋಗ್ತೇನಿ. ಹೋಗ್ಲೇನ್ರಿ?"

ಹೋಗು ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಬಾಗಿಲಲ್ಲಿ ಅತ್ತೆ ನಿಂತಿದ್ದರು. ಬಾಯಿ ತೆರೆದರೆ ವ್ರತ ಮುರಿಯಿತು, ನನ್ನ ಸೋಮವಾರವೂ ಹೋಯಿತು. ತಲೆಯನ್ನಾದರೂ ಆಡಿಸಬಹುದಿತ್ತು — ಇಂದು ಇವಳಿಗೆ ಆಡಿಸಿದರೆ ನಾಳೆ ಎಲ್ಲರೂ ಕೇಳಲು ಬಂದಾರು ಎಂದು — ಛೇ, ಅದನ್ನೂ ಮಾಡಲಿಲ್ಲ.

"ತಿಳೀತ್ರಿ ವೈನಿ. ಶಿವನೇ ಬ್ಯಾಡ ಅಂದಂಗಾತು."

ನೀನು ಕಣ್ಣೊರೆಸಿಕೊಂಡು ಹೊರಟುಹೋದೆ. ಮತ್ತೆಂದೂ ಆ ಕೆಲಸದ ಮಾತೆತ್ತಲಿಲ್ಲ. ನಾನೋ — ಹೇಳಲು ನಾಚಿಕೆ — ವ್ರತ ಕೆಡಿಸಿಕೊಳ್ಳಲಿಲ್ಲವೆಂದು ಆ ದಿನ ಬೀಗಿದ್ದೆ.

ಸೋಮವಾರ ನಾನು ಈಗಲೂ ಮಾತಾಡುವುದಿಲ್ಲ. ಆದರೆ ವ್ರತವೆನ್ನುವುದಿಲ್ಲ. "ಇವತ್ತ ನನಗ ಮಾತು ಬ್ಯಾಡ್ರಿ" ಎಂದು ತಲೆಯೆತ್ತಿಯೇ ಹೇಳುತ್ತೇನೆ. ಯಾರೂ ಸಿಟ್ಟಾಗಲಿಲ್ಲ ನೋಡು! ಅಷ್ಟು ಸುಲಭವಿತ್ತು. ಅಂದೇ ಹೇಳುವ ಧೈರ್ಯವಿದ್ದಿದ್ದರೆ ನೀನಿಂದು —

ಔರಾದಿಗೆ ನಾನೇ ಬರುತ್ತೇನೆ. ನೀನು ಬೈಯಬೇಕು, ನಾನು ಕೇಳಬೇಕು. ಆ ದಿನ ಶಿವ ಏನೂ ಹೇಳಿರಲಿಲ್ಲ, ನೀಲಾ. ಹೇಳಬೇಕಾದವಳು ನಾನು, ಹೇಳಲಿಲ್ಲ.