ಕಾಯಿ ಒಡೆಯುವ ಕಲ್ಲು

ನನಗೆ ಹಳೇ ಕಲ್ಲುಗಳ ಹುಚ್ಚು ಹಿಡಿಸಿದವಳು ಕುವೈತಿನ ಜಾಬ್ರಿಯಾದ ಆಸ್ಪತ್ರೆಯಲ್ಲಿ ನನ್ನ ಜೊತೆಗೆ ಕೆಲಸ ಮಾಡುವ ಲೆಬನಾನಿನ ನರ್ಸ್. ಅವಳ ಊರು ಮೆಡಿಟರೇನಿಯನ್ ಸಮುದ್ರದ ದಂಡೆಯಲ್ಲಿದೆ. ಗ್ರೀಕರೂ ರೋಮನರೂ ಬಿಟ್ಟುಹೋದ ಕಂಬಗಳ ನಡುವೆ ಚಾಪೆ ಹಾಸಿ ಮನೆಯವರೆಲ್ಲ ಊಟ ಮಾಡುತ್ತಿದ್ದ ಫೋಟೋಗಳನ್ನು ಮೊಬೈಲಿನಲ್ಲಿ ತೋರಿಸುತ್ತಿದ್ದಳು. "ಈಗ ಅಲ್ಲಿ ಬಾಂಬ್ ಬೀಳುತ್ತದೆ, ನೀನು ಹೋಗುವುದು ಬೇಡ. ಗ್ರೀಕರು ಇಲ್ಲಿಯ ಫೈಲಕಾ ದ್ವೀಪಕ್ಕೂ ಬಂದಿದ್ದರು, ಅದನ್ನಾದರೂ ನೋಡು" ಎಂದಳು. ಕುವೈತಿನಲ್ಲಿ ಇಷ್ಟು ವರ್ಷ ಇದ್ದೂ, ದೋಣಿ ಹತ್ತಿದರೆ ಸಿಗುವ ಗ್ರೀಕ್ ಗುಡಿಯನ್ನು ನೋಡದ ನನ್ನ ಮೇಲೆ ನನಗೇ ಸಿಟ್ಟು ಬಂತು. ಸಿಟ್ಟು ಬರಲು ನನಗೆ ದೊಡ್ಡ ಕಾರಣವೇನೂ ಬೇಡ.

ನನ್ನ ಗಂಡ ಶುವೈಖಿನ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಶುಕ್ರವಾರ ಒಂದೇ ರಜೆ. ಆ ದಿನದ ನಿದ್ದೆ ಬಿಟ್ಟು ಬರಲು ಅವರು ಒಪ್ಪಿದ್ದೇ ಹೆಚ್ಚು. ಚೀಲದಲ್ಲಿ ಒಂದು ಸುಲಿದ ತೆಂಗಿನಕಾಯಿ ಹಾಕಿಕೊಂಡು ಬಂದದ್ದು ಮಾತ್ರ ನನಗೆ ಗೊತ್ತಿರಲಿಲ್ಲ.

ದ್ವೀಪದಲ್ಲಿ ಇಳಿದಾಗ ಮೊದಲು ಕಂಡದ್ದು ಯುದ್ಧ. ತೊಂಬತ್ತರಲ್ಲಿ ಕುವೈತಿಗೆ ನುಗ್ಗಿದ ಇರಾಕಿನ ಸೈನಿಕರು ಇಲ್ಲಿಯ ಜನರನ್ನೆಲ್ಲ ಓಡಿಸಿ, ಖಾಲಿ ಮನೆಗಳಿಗೆ ಗುರಿಯಿಟ್ಟು ಗುಂಡು ಹಾರಿಸಲು ಕಲಿತರಂತೆ. ಇಡೀ ಊರು ಇನ್ನೂ ಹಾಗೆಯೇ ನಿಂತಿದೆ. ಒಂದು ಮನೆಯ ಕಿಟಕಿಯಲ್ಲಿ ಇಣುಕಿದೆ. ಅಡುಗೆಕೋಣೆಯ ಗೋಡೆಯಲ್ಲಿ ನನ್ನ ಎದೆಯಷ್ಟೇ ಎತ್ತರದಲ್ಲಿ ಸಾಲಾಗಿ ತೂತುಗಳು. ಇನ್ನೊಂದು ಮನೆಯ ಮೂಲೆಯನ್ನು ಶೆಲ್ ಕಿತ್ತುಹಾಕಿತ್ತು, ಕಬ್ಬಿಣದ ಸರಳುಗಳು ಹೊರಗೆ ನೇತಾಡುತ್ತಿದ್ದವು. ಒಡೆದ ತಲೆ, ಮುರಿದ ಮೂಳೆ ನೋಡಿ ಅಭ್ಯಾಸವಾದ ನಾನೂ ಮುಖ ತಿರುಗಿಸಿದೆ. ಕೊಲ್ಲಲು ಜನ ಸಿಗದಿದ್ದಾಗ ಗೋಡೆಯನ್ನು ಕೊಂದವರು ಎಂಥವರಿರಬಹುದು! ಬಾಯಿಗೆ ಬಂದ ಹಾಗೆ ಬೈದೆ.

ಗ್ರೀಕರ ಗುಡಿ ಅಲ್ಲಿಂದ ಸ್ವಲ್ಪ ದೂರ. ಬೇಲಿಯ ಬಾಗಿಲಲ್ಲಿ ಕುಳಿತಿದ್ದ ಮುದುಕ ಕಾವಲುಗಾರ ಕುವೈತಿನವನೇ. ಏನನ್ನೂ ಮುಟ್ಟಬೇಡಿ ಎಂದು ಬೆತ್ತ ಆಡಿಸಿ ಸನ್ನೆ ಮಾಡಿ ಒಳಗೆ ಬಿಟ್ಟ. ಉಳಿದದ್ದು ತಳಪಾಯ, ಎರಡು ಮೆಟ್ಟಿಲು, ಎದುರಿಗೆ ಒಂದು ಗಿಡ್ಡ ಚೌಕದ ಕಲ್ಲು. ನಾನು ಸಮುದ್ರದ ಕಡೆ ಫೋಟೋ ತೆಗೆಯುತ್ತಿದ್ದಾಗ ಹಿಂದೆ ಫಟ್ ಎಂದು ಸದ್ದಾಯಿತು. ತಿರುಗಿ ನೋಡಿದರೆ ಇವರು ಚಪ್ಪಲಿ ಕಳಚಿ, ಆ ಕಲ್ಲಿನ ಮುಂದೆ ತೆಂಗಿನಕಾಯಿಯ ಎರಡು ಹೋಳು ಹಿಡಿದು ನಿಂತಿದ್ದಾರೆ.

"ಎಂತ ಮಾಡಿದ್ರಿ ಮಾರಾಯ್ರೆ!"

"ಕಾಯಿ ಒಡೆಯುವ ಕಲ್ಲಲ್ವಾ ಇದು? ಯಾವ ದೈವದ ಜಾಗವೋ ಏನೋ, ಕೇಳದೆ ಕಾಲಿಟ್ಟಿದ್ದೇವೆ..."

ಮಾತು ಮುಗಿಯಲಿಲ್ಲ. ಮುದುಕ ಓಡಿ ಬಂದು ಬೆತ್ತ ಬೀಸಿದ. ಮೊದಲ ಏಟು ಭುಜಕ್ಕೆ, ಎರಡನೆಯದು ತಲೆಗೆ. ಇವರು ಕೈ ಎತ್ತಲಿಲ್ಲ. ಇಲ್ಲಿಯವರ ಮೇಲೆ ಕೈ ಮಾಡಿದರೆ ಕೇಸು, ಕೇಸಾದರೆ ಇಕಾಮಾ, ಅಂದರೆ ಇಲ್ಲಿ ಇರುವ ಪರವಾನಿಗೆ, ರದ್ದು, ಬೆರಳಚ್ಚು ತೆಗೆದು ವಿಮಾನ ಹತ್ತಿಸುತ್ತಾರೆ, ಮತ್ತೆಂದೂ ಬರುವ ಹಾಗಿಲ್ಲ. ಗ್ಯಾರೇಜಿನಲ್ಲಿ ಎಲ್ಲರಿಗೂ ಇದು ಬಾಯಿಪಾಠ. ನನಗೂ ಗೊತ್ತಿತ್ತು. ಆದರೆ ಅವರ ಹಣೆಯ ಮೇಲೆ ರಕ್ತ ಇಳಿದದ್ದು ಕಂಡ ಮೇಲೆ ಇಕಾಮಾ ಎಲ್ಲಿ ನೆನಪಾಗುತ್ತದೆ? ಬೆತ್ತ ಹಿಡಿದ ಕೈಗೆ ಜೋತುಬಿದ್ದು ಕಚ್ಚಿದೆ. ಬಾಯಿಗೆ ಉಪ್ಪುಪ್ಪು ರುಚಿ ಬಂದರೂ ಬಿಡಲಿಲ್ಲ. ಬೆತ್ತ ಕೆಳಗೆ ಬಿತ್ತು.

"ಪೊಲೀಸ್! ಇಕಾಮಾ ಖಲಾಸ್!" ಎಂದು ಕಿರುಚುತ್ತ ಮುದುಕ ಇನ್ನೊಂದು ಕೈಯಲ್ಲಿ ಫೋನ್ ಮಾಡಿಯೇಬಿಟ್ಟ.

ನಾನು ದುಪಟ್ಟಾವನ್ನು ಮುದ್ದೆ ಮಾಡಿ ಇವರ ತಲೆಗೆ ಒತ್ತಿ ಹಿಡಿದೆ. ಇವರು ನೆಲದಲ್ಲಿ ಕುಳಿತುಕೊಂಡೇ ತಮ್ಮ ಹರಕುಮುರುಕು ಹಿಂದಿಯಲ್ಲಿ ಹೇಳಿದರು: "ಚಾಚಾ, ಕಲ್ಲು ಒಡೆಯಲಿಕ್ಕೆ ಅಲ್ಲ. ಕೇಳಲಿಕ್ಕೆ. ನಮ್ಮಲ್ಲಿ ಬೇರೆಯವರ ಜಾಗಕ್ಕೆ ಹೋದರೆ ಜಾಗದ ಯಜಮಾನನಲ್ಲಿ ಕೇಳಬೇಕು."

ಮುದುಕನಿಗೆ ಹಿಂದಿ ತಿಳಿಯುತ್ತಿತ್ತು. ಫೋನನ್ನು ಜೇಬಿಗೆ ಹಾಕಿಕೊಂಡ. ಆಮೇಲೆ ಗುಂಡು ಬಿದ್ದ ಮನೆಗಳ ಕಡೆ ಕೈ ತೋರಿಸಿದ. ಆ ಕೈಯಿಂದ ರಕ್ತ ತೊಟ್ಟಿಕ್ಕುತ್ತಿತ್ತು.

"ನೀಲಿ ಬಾಗಿಲು ಕಾಣುತ್ತದಲ್ಲ, ಆ ಮನೆಯ ಯಜಮಾನ ನಾನು. ಅವರು ಕೇಳಲಿಲ್ಲ."

ಕುಳಿತು ತಲೆವಸ್ತ್ರದ ತುದಿಯಿಂದ ಕಲ್ಲಿನ ಮೇಲಿನ ಕಾಯಿಯ ನೀರನ್ನು ಒರೆಸಿದ. ಬೆರಳಿನಿಂದ ಮೂಲೆ ಮೂಲೆ ಸವರಿ ನೋಡಿದ. ಒಂದು ಗೀರೂ ಬಿದ್ದಿರಲಿಲ್ಲ. ನನಗೆ ಅವನ ಮೇಲಿನ ಸಿಟ್ಟು ಇಳಿಯಲಿಲ್ಲ. ಅಷ್ಟರಲ್ಲಿ ಪೊಲೀಸ್ ಜೀಪು ಬಂತು.

ಪೊಲೀಸಿನವ ಮೊದಲು ಕೇಳಿದ್ದೇ ಇಕಾಮಾ. ಇವರ ಕಾರ್ಡನ್ನು ಕೈಯಲ್ಲಿ ಹಿಡಿದುಕೊಂಡೇ ಮುದುಕನ ಕಡೆ ತಿರುಗಿ ಏನಾಯಿತು ಎಂದ. ರೋಗಿಗಳ ಜೊತೆ ಮಾತಾಡಿ ಮಾತಾಡಿ ನನಗೆ ಅರಬ್ಬಿ ಸಾಕಷ್ಟು ಬರುತ್ತದೆ. ನಮ್ಮ ಸಂಸಾರ ಕುವೈತಿನಲ್ಲಿ ಉಳಿಯುವುದು ಆ ಮುದುಕನ ಒಂದು ಮಾತಿನಲ್ಲಿತ್ತು.

"ಇವನು ಬಿದ್ದ," ಎಂದ ಮುದುಕ.

"ನಿನ್ನ ಕೈಗೇನಾಯಿತು?"

"ನಾನೂ ಬಿದ್ದೆ."

ಪೊಲೀಸಿನವ ಕೈಯ ಮೇಲಿನ ಹಲ್ಲಿನ ಗುರುತು ನೋಡಿದ. ನನ್ನ ಬಾಯಿ ನೋಡಿದ. ಕಾರ್ಡು ವಾಪಸು ಕೊಟ್ಟು, "ಯಲ್ಲಾ, ನಡೆಯಿರಿ, ದೋಣಿ ಹೊರಡುತ್ತದೆ" ಎಂದು ಜೀಪು ಹತ್ತಿದ.

ಮನುಷ್ಯರ ಕಡಿತ ಬೇಗ ಕೀವು ಹಿಡಿಯುತ್ತದೆ. ನಾನು ನೀರಿನ ಬಾಟಲಿ ತೆಗೆದುಕೊಂಡು ಹೋಗಿ ಅವನ ಕೈಗೆ ಕೈ ಹಾಕಿದೆ. ಅವನು ಬೆಚ್ಚಿ ಹಿಂದಕ್ಕೆ ಎಳೆದುಕೊಂಡ.

ನಾನು ನಿಂತೆ.

"ಮುಟ್ಟಬಹುದಾ ಚಾಚಾ?" ಎಂದು ಕೇಳಿದೆ.

ಚಾಚಾ ಕೈ ಮುಂದೆ ಮಾಡಿದರು.