ಅತ್ತೆಯ ಬಲಗಣ್ಣಿಗಾಗಿ ಹುಬ್ಬಳ್ಳಿಗೆ

ಹುಬ್ಬಳ್ಳಿಯ ಆಸ್ಪತ್ರೆಯಿಂದ ಫೋನ್ ಬಂದದ್ದು ಬುಧವಾರ ಮಧ್ಯಾಹ್ನ. "ದಾನದ ಕಣ್ಣ ಬಂದೈತ್ರಿ. ನಾಳಿ ಮುಂಜಾನಿ ಹತ್ತರೊಳಗ ನಿಮ್ಮ ಅತ್ತೀನ್ನ ಕರ್ಕೊಂಡ ಬರ್ರಿ" ಎಂದರು. ಏಳು ತಿಂಗಳಿಂದ ಕಾದ ಕರೆ ಅದು. ಗುರುವಾರ ಆರೂವರೆಗೆ ನಾನು ಮತ್ತು ಅತ್ತೆ ಗಂಗವ್ವ ಬಮ್ಮಿಗಟ್ಟಿಯಲ್ಲಿ ಕಲಘಟಗಿಯ ಬಸ್ಸು ಹತ್ತಿದೆವು. ಆಧಾರ್ ಕಾರ್ಡ್ ನೋಡಿ ಕಂಡಕ್ಟರ್ ಎರಡು ಶೂನ್ಯ ಟಿಕೆಟ್ ಹರಿದುಕೊಟ್ಟರು.

ಅತ್ತೆಗೆ ಅರವತ್ತೊಂದು. ಐದು ವರ್ಷದ ಹಿಂದೆ ಭತ್ತ ತೂರುವಾಗ ಬಲಗಣ್ಣಿಗೆ ಹೊಟ್ಟು ಸಿಡಿದು, ಹುಣ್ಣಾಗಿ, ಮಾಯ್ದ ಮೇಲೆ ಬಿಳಿ ಕಲೆ ಉಳಿಯಿತು. ಎಡಗಣ್ಣು ಹುಟ್ಟಿನಿಂದಲೇ ಮಂದ. ಹಳೆ ಬಟ್ಟೆಯ ತೇಪೆ ಕೂಡಿಸಿ ಕೌದಿ ಹೊಲಿಯುವುದರಲ್ಲಿ ಹೆಸರಾದವರು ಸೂಜಿ ಮುಟ್ಟುವುದನ್ನೇ ಬಿಟ್ಟಿದ್ದರು.

ಕಲಘಟಗಿಯಲ್ಲಿ ಮಂಜು ಇನ್ನೂ ಹರಿದಿರಲಿಲ್ಲ. ಚಹಾ ಕುಡಿದು ಹುಬ್ಬಳ್ಳಿ ಬಸ್ಸು ಹಿಡಿದೆವು. ಸುಮಾರು ಮೂವತ್ತು ಕಿಲೋಮೀಟರ್ ದಾರಿಯಲ್ಲಿ ಅತ್ತೆ ಕಟ್ಟಿಕೊಂಡು ಹೋದ ರೊಟ್ಟಿಯನ್ನು ಮುಟ್ಟಲಿಲ್ಲ. ಅಂಜಿಕೆ ಇರಬೇಕೆಂದುಕೊಂಡೆ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಎಲ್ಲವನ್ನೂ ಬಿಡಿಸಿ ಹೇಳಿದರು. ಕಣ್ಣನ್ನು ಪೂರ್ತಿ ಬದಲಿಸುವುದಿಲ್ಲ. ಕಾರ್ನಿಯಾ ಎಂಬ, ಮುಂಭಾಗದ ಗಾಜಿನಂಥ ಪದರ ಮಾತ್ರ ಬದಲಾಗುತ್ತದೆ. ಕಲೆಯಾದ ಪದರವನ್ನೂ ದಾನಿಯ ಪದರವನ್ನೂ ಲೇಸರ್ ಒಂದೇ ಆಕಾರಕ್ಕೆ ಕತ್ತರಿಸುತ್ತದೆ. ಆಮೇಲೆ ಕೂಡಿಸಿ ಹೊಲಿಯುತ್ತಾರೆ.

"ತ್ಯಾಪಿ ಅಳತಿಗೆ ಕತ್ತರಿಸಿದ್ರ ಬಿಗಿ ಕೂಡ್ತದ, ಹೌದಿಲ್ರಿ?" ಎಂದು ಅತ್ತೆ ಕೇಳಿದರು.

"ಹೌದ್ರಿ ಅಮ್ಮಾ, ಹಂಗ" ಎಂದು ಡಾಕ್ಟರಮ್ಮ ನಕ್ಕರು. ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಲು ಹೇಳಿದಾಗ ಅತ್ತೆ ಕೈ ಹಿಂದೆಗೆದರು.

"ನಮ್ಮ ಮನಿಯವ್ರು ತೀರಿಕೊಂಡಾಗ ಕಣ್ಣ ಕೇಳಾಕ ಬಂದಿದ್ರು. ಮುಂದಿನ ಜನ್ಮದಾಗ ಕುರುಡ ಆಗ್ತಾರಂತ ಅಂಜಿ ನಾನ ಬ್ಯಾಡಂದೆ. ಬಂದವರಿಗೆ ಬೈದ ಕಳಿಸಿದೆ. ಈಗ ಯಾವ ಮುಖಾ ಇಟ್ಕೊಂಡ ತಗೊಳ್ಳಲ್ರಿ?"

ಮನೆಯಲ್ಲಿ ಯಾರೂ ಇದನ್ನು ನನಗೆ ಹೇಳಿರಲಿಲ್ಲ. ಡಾಕ್ಟರಮ್ಮ ಕಾಗದವನ್ನು ಅಲ್ಲೇ ಬಿಟ್ಟು, "ಕೊಟ್ಟವರು ಇಂಥವರಿಗೆ ಕೊಡ್ರಿ, ಇಂಥವರಿಗೆ ಬ್ಯಾಡ ಅಂತ ಹೇಳಿಲ್ರಿ. ನೀವು ಬ್ಯಾಡಂದ್ರ ಇನ್ನೊಬ್ಬರನ್ನ ಕರೀತೀವಿ. ವಿಚಾರ ಮಾಡ್ರಿ" ಎಂದರು.

ಅತ್ತೆ ಸೆರಗಿನ ಅಂಚಿಗೆ ಹೆಬ್ಬೆರಳು ಒರೆಸಿ ನನ್ನ ಕಡೆ ಕೈ ಚಾಚಿದರು. "ಸುಮಾ, ಎಲ್ಲಿ ಒತ್ತಬೇಕ ತೋರ್ಸು" ಎಂದರು.

ಲೇಸರ್ ಕೋಣೆಯ ಕೆಲಸ ಕೆಲವೇ ನಿಮಿಷ. ಹೊಲಿಗೆಗೆ ಒಂದು ತಾಸಿನ ಮೇಲಾಯಿತು. ಮರುದಿನ ಪಟ್ಟಿ ಬಿಚ್ಚಿ ಡಾಕ್ಟರಮ್ಮ ತಮ್ಮ ಬೆರಳು ಎತ್ತಿ ತೋರಿಸಿದರು. ಅತ್ತೆ, "ಮೂರು... ಅಲ್ಲ, ಎರಡು" ಎಂದರು. ಎರಡೇ ಇದ್ದವು. ಪೂರ್ತಿ ತಿಳಿಯಾಗಲು ತಿಂಗಳುಗಟ್ಟಲೆ ಬೇಕು, ಹೊಸ ಪದರವನ್ನು ದೇಹ ಒಲ್ಲೆನ್ನಲೂಬಹುದು, ಹನಿ ಔಷಧ ತಪ್ಪಿಸಬಾರದು ಎಂದು ಡಾಕ್ಟರಮ್ಮ ಎಚ್ಚರಿಸಿದರು.

ಭಾನುವಾರ ಕಪ್ಪು ಕನ್ನಡಕ ಹಾಕಿಸಿ ಕರೆತಂದೆ. ಬಸ್ಸು ಹುಬ್ಬಳ್ಳಿ ದಾಟಿದ ಮೇಲೆ, ಬಿಸಿಲು ಬೀಳದ ಕಡೆಗೆ ತಿರುಗಿ ಅತ್ತೆ ಕನ್ನಡಕ ಸರಿಸಿದರು. ಬ್ಯಾಡ ಎನ್ನುವುದರೊಳಗೆ ನನ್ನ ಗದ್ದ ಹಿಡಿದು ಹತ್ತಿರಕ್ಕೆಳೆದುಕೊಂಡರು. ನಾನು ಆ ಮನೆಗೆ ಸೊಸೆಯಾಗಿ ಬಂದು ಮೂರು ವರ್ಷ. ಅವರಿಗೆ ನನ್ನ ದನಿಯಷ್ಟೇ ಗೊತ್ತಿತ್ತು, ಮುಖ ಸರಿಯಾಗಿ ನೋಡಿರಲಿಲ್ಲ.

"ಒಂದ್ ಮಾತಾಡ ನೋಡೂಣು" ಎಂದರು.

"ಏನ ಮಾತಾಡ್ಲಿ ಅತ್ತಿ?"

ನನ್ನ ತುಟಿಯನ್ನೇ ನೋಡುತ್ತಿದ್ದ ಅವರು, "ಹಾಂ, ನೀನ" ಎಂದು ಕನ್ನಡಕ ಏರಿಸಿಕೊಂಡರು.